ಹೊಟ್ಟೆ ಕೇಳುವ ಶಾಸ್ತ್ರ

ನಮ್ಮೂರಲ್ಲಿ ಕದ್ದು ತಿನ್ನುವುದಕ್ಕೆ ಆಗುವುದಿಲ್ಲ. ತಿಂದರೆ ಹೊಟ್ಟೆ ಗಂಟೆ ಬಾರಿಸುತ್ತದೆ. ಅನ್ನ ಉಂಡರೂ ಬಾರಿಸುತ್ತದೆ, ಬಾಳೆಹಣ್ಣು ತಿಂದರೂ ಬಾರಿಸುತ್ತದೆ, ಸಿಹಿ ತಿಂದರಂತೂ ಬೀದಿಯ ಕೊನೆ ಮನೆಯವರಿಗೂ ಕೇಳಿಸುತ್ತದೆ. ಒಂದು ಮನೆತನದ್ದು ಕಂಚಿನ ತಟ್ಟೆಗೆ ಚಮಚ ಬಡಿದ ಹಾಗೆ, ಇನ್ನೊಂದು ಮನೆತನದ್ದು ಸೈಕಲ್ ಬೆಲ್ಲಿನ ಹಾಗೆ. ಮಗು ಹುಟ್ಟಿ ಮೊದಲ ಸಲ ಹಾಲು ಕುಡಿದಾಗ ನೆಂಟರೆಲ್ಲ ಉಸಿರು ಬಿಗಿಹಿಡಿದು ತೊಟ್ಟಿಲ ಸುತ್ತ ನಿಲ್ಲುತ್ತಾರೆ. 'ಅಯ್ಯೋ, ಥೇಟ್ ಅವರ ತಾತನ ಗಂಟೆ!' ಎಂದು ಒಬ್ಬರು ಕುಣಿಯುತ್ತಾರೆ, ತಾಯಿ ಕಡೆಯವರು ಮುಖ ಊದಿಸಿಕೊಳ್ಳುತ್ತಾರೆ. ಏಕಾದಶಿಯ ದಿನ ಉಪವಾಸದ ಮಹಿಮೆ ಹೇಳುತ್ತಾ ಕೂತವರ ಹೊಟ್ಟೆ ನಡುವೆ ಟಣ್ ಎಂದರೆ ಪ್ರವಚನ ಅಲ್ಲಿಗೇ ಮುಗಿಯಿತು.

ನಮ್ಮೂರ ಡಾಕ್ಟರ್ ಕಾತ್ಯಾಯಿನಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. 'ಜಠರದ ಹಿಂದೆ ಮೇದೋಜೀರಕ ಅಂತ ಒಂದು ಗ್ರಂಥಿ ಇದೆ. ಅದರೊಳಗೆ ಪುಟ್ಟ ಪುಟ್ಟ ದ್ವೀಪಗಳ ಹಾಗೆ ಜೀವಕೋಶಗಳ ಗುಂಪು. ರಕ್ತದಲ್ಲಿ ಸಕ್ಕರೆ ಏರಿದ್ರೆ ಅವು ಇನ್ಸುಲಿನ್ ಬಿಡ್ತವೆ. ಬೇರೆ ಊರಿನೋರ ಹೊಟ್ಟೇಲೂ ಬಿಡ್ತವೆ, ಸುಮ್ನೆ ಬಿಡ್ತವೆ. ನಿಮ್ಮವು ಬಾಯ್ಬಡುಕವು,' ಎನ್ನುತ್ತಾಳೆ. ಇನ್ಸುಲಿನ್ ಮೊದಲು ಒಂದೇ ಸಲಕ್ಕೆ ಚಿಮ್ಮುತ್ತದಂತೆ, ಆಗ ಟಣ್. ಆಮೇಲೆ ನಿಧಾನವಾಗಿ ಜಿನುಗುತ್ತಾ ಇರುತ್ತದಂತೆ, ಆಗ ಉದ್ದಕ್ಕೆ ಗುಂಯ್. ಆರೋಗ್ಯವಂತರ ಊಟ ಎಂದರೆ ನಮ್ಮಲ್ಲಿ ಟಣ್ ಮತ್ತು ಗುಂಯ್.

ನಾನು ಕುಮುದಾ. ನಮ್ಮದು ಹಿಟ್ಟಿನ ಗಿರಣಿ. ಅಪ್ಪ ಅಮ್ಮ ಗಿರಣಿ ನೋಡಿಕೊಳ್ಳುತ್ತಾರೆ, ಅಜ್ಜಿ ದೇವೀರಮ್ಮ ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಾಳೆ. ಊರವರು ನಮ್ಮನ್ನು ಕರೆಯುವುದು ಮಾತ್ರ ತಡಗಂಟೆಯವರು ಎಂದು. ನಮ್ಮ ಮನೆತನದಲ್ಲಿ ಗಂಟೆ ಬರುವುದೇ ತಡ. ಮದುವೆಮನೆಯಲ್ಲಿ ಉಂಡು, ಎಲೆಅಡಿಕೆ ಹಾಕಿಕೊಂಡು, ಚಪ್ಪಲಿ ಹುಡುಕಿ ಮನೆ ದಾರಿ ಹಿಡಿದ ಮೇಲೆ ನಮ್ಮ ಹೊಟ್ಟೆಗಳಿಗೆ ಜ್ಞಾನೋದಯವಾಗುತ್ತದೆ. 'ಏನ್ ಕುಮುದಾ, ಇದು ಇವತ್ತಿನ ಊಟದ್ದಾ, ನಿನ್ನೇದಾ?' ಎಂದು ಕೇಳದ ಮನುಷ್ಯ ಈ ಊರಲ್ಲಿಲ್ಲ. ಹೊಟ್ಟೆಗೆ ಇರುವ ತಾಳ್ಮೆಯನ್ನು ದೇವರು ನನ್ನ ಬಾಯಿಗೆ ಕೊಟ್ಟಿಲ್ಲವಾದ್ದರಿಂದ, ಕೇಳಿದವರೆಲ್ಲ ಸರಿಯಾಗಿ ಕೇಳಿಸಿಕೊಂಡೇ ಹೋಗಿದ್ದಾರೆ.

ಬಿಳಿಗಿರಿಯ ಮನೆಯದು ಇದಕ್ಕೆ ತದ್ವಿರುದ್ಧ. ಅವನ ತಾಯಿ ಸರ್ವಮಂಗಳಮ್ಮನದು ಪೇಟೆ ಬೀದಿಯ ಮಿಠಾಯಿ ಅಂಗಡಿ. ಅವರದು ಎಂಥ ಚುರುಕು ಗಂಟೆ ಎಂದರೆ ಜಿಲೇಬಿ ಬಾಯಿಗೆ ಬೀಳಬೇಕೆಂದೇನೂ ಇಲ್ಲ, ವಾಸನೆ ಬಂದರೆ ಸಾಕು. ಬಾಣಲೆಯ ಮುಂದೆ ಕೂತ ಬಿಳಿಗಿರಿ ದಿನವಿಡೀ ಟಣ್ ಟಣ್ ಎನ್ನುತ್ತಿರುತ್ತಿದ್ದ, ಗಿರಾಕಿಗಳು ಆ ಸದ್ದಿಗೇ ಸೇರುತ್ತಿದ್ದರು. ಅಂಗಡಿಗೆ ಕಡಲೆಹಿಟ್ಟು ಕೊಡಲು ಹೋಗುತ್ತಿದ್ದವಳು ನಾನು. ನಾನು ಒಳಗೆ ಕಾಲಿಟ್ಟ ಕೂಡಲೇ ಅವನ ಹೊಟ್ಟೆ ಟಣ್ ಎನ್ನುತ್ತಿತ್ತು. ಅವನ ಕಿವಿ ಕೆಂಪಾಗುತ್ತಿತ್ತು. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಆಮೇಲೆ ಒಂದು ದಿನ ಅಜ್ಜಿ, 'ಅಯ್ಯೋ ಪೆದ್ದೀ, ಅದು ನಿನ್ನ ನೋಡಿ ಅಲ್ಲ, ಹೊಸ ಕಡಲೆಹಿಟ್ಟಿನ ಘಮಕ್ಕೆ ಹೊಡ್ಕೊಳ್ತಿರೋದು,' ಎಂದು ನಕ್ಕಳು. ಸಿಟ್ಟು ನೆತ್ತಿಗೇರಿತು. ಮಾರನೆಯ ದಿನದಿಂದ ಹಿಟ್ಟನ್ನು ಅಮ್ಮನ ಕೈಯಲ್ಲಿ ಕಳಿಸಿದೆ.

ಆ ವಾರವೇ ಬಿಳಿಗಿರಿ ಗಿರಣಿಯ ಬಾಗಿಲಿಗೆ ಬಂದು ನಿಂತ. ತಲೆ ತಗ್ಗಿಸಿಕೊಂಡು, 'ಹಿಟ್ಟು ಬಂತು. ಗಂಟೆ ಬರ್ಲಿಲ್ಲ,' ಎಂದ. ಗಿರಣಿ ಗಡಗಡ ಎನ್ನುತ್ತಿತ್ತು, ಅಪ್ಪ ರಾಗಿ ಸುರಿಯುವುದನ್ನು ಮರೆತು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಜೀವನದಲ್ಲಿ ಮೊದಲ ಸಲ ನನ್ನ ಬಾಯಿಗೆ ಬೈಗುಳ ಸಿಗಲಿಲ್ಲ.

ಮದುವೆ ಎಂದರೆ ನಮ್ಮೂರಲ್ಲಿ ಮೊದಲು ಹೊಟ್ಟೆ ಕೇಳುವ ಶಾಸ್ತ್ರ ಆಗಬೇಕು. ಹೆಣ್ಣಿನ ಮನೆಯಲ್ಲಿ ಪಂಕ್ತಿ ಹಾಕುತ್ತಾರೆ. ಹುಡುಗ ಹುಡುಗಿ ಅಕ್ಕಪಕ್ಕ ಕೂತು ಒಟ್ಟಿಗೇ ಹೋಳಿಗೆ ಮುರಿಯಬೇಕು. ಇಬ್ಬರ ಗಂಟೆಯೂ ಒಟ್ಟಿಗೆ ಕೇಳಿಸಬೇಕು. ಒಂದರ ಗುಂಯ್ ಇನ್ನೊಂದರ ಟಣ್‌ಗೆ ಚೂರು ತಾಗಿದರೂ ಆಯಿತು. ಎಲೆ ಎತ್ತುವುದರೊಳಗೆ ತಾಗದಿದ್ದರೆ ಸಂಬಂಧ ಮುರಿದ ಹಾಗೆ, ಅದೇ ಜೋಡಿಗೆ ಇನ್ನೊಂದು ಸಲ ಪಂಕ್ತಿ ಹಾಕುವಂತಿಲ್ಲ. ಎಲೆ ಎತ್ತಿಸುವ ಅಧಿಕಾರ ಯಜಮಾನ ಗುರುಪಾದಯ್ಯನವರದು. ಈ ಕಿವಿಯಿಂದ ಎಷ್ಟೋ ಸಂಬಂಧ ಕೂಡಿಸಿದ್ದೇನೆ, ಎಷ್ಟೋ ಮುರಿದಿದ್ದೇನೆ ಎಂದು ಅವರು ಕಿವಿಯನ್ನು ಪ್ರತಿದಿನ ಎಳ್ಳೆಣ್ಣೆ ಹಚ್ಚಿ ತೊಳೆಯುತ್ತಾರೆ.

ಮಗ ನನ್ನನ್ನೇ ಮದುವೆಯಾಗುತ್ತಾನೆ ಎಂಬ ಸುದ್ದಿ ಕೇಳಿ ಸರ್ವಮಂಗಳಮ್ಮ ಎದೆ ಹಿಡಿದುಕೊಂಡು ಕೂತರಂತೆ. 'ತಡಗಂಟೆ ಮನೆ ಹುಡುಗೀನಾ? ಅವಳ ಗಂಟೆ ಬರೋ ಹೊತ್ತಿಗೆ ನಮ್ಮನೇಲಿ ಸಂಜೆ ಕಾಫಿ ಆಗಿರುತ್ತೆ ಕಣೋ! ತಾಗೋದು ಎಲ್ಲಿಂದ ಬಂತು?' ಮಗ ಹಟ ಬಿಡಲಿಲ್ಲ. ಹಾಗಾದರೆ ನಮ್ಮ ಕಡೆಯಿಂದ ಕೊರತೆ ಆಗಬಾರದು ಎಂದು ಅವರು ಮಗನಿಗೆ ಗಂಟೆ ಅಭ್ಯಾಸಕ್ಕೆ ಇಟ್ಟರು. ಬೆಳಗ್ಗೆ ಎದ್ದರೆ ಮೈಸೂರು ಪಾಕು, ಹತ್ತು ಗಂಟೆಗೆ ಜಹಾಂಗೀರು, ಮಧ್ಯಾಹ್ನ ಹಾಲುಬಾಯಿ, ಮಲಗುವಾಗ ಬಾದಾಮಿ ಹಾಲು. ಗುಂಯ್ ಉದ್ದವಾಗಲಿ, ನನ್ನ ಟಣ್ ಬರುವ ತನಕ ಎಳೆಯಲಿ ಎಂದು ಅವರ ಲೆಕ್ಕಾಚಾರ. ನಮ್ಮ ಮನೆಯಲ್ಲೂ ತಂತ್ರಗಳು ನಡೆದವು. ಮೊದಲೇ ಒಂದು ಚೊಂಬು ಬೆಲ್ಲದ ಪಾನಕ ಕುಡಿದು ಕೂತುಬಿಡು, ಹೋಳಿಗೆ ಬಾಯಿಗಿಡುವ ಹೊತ್ತಿಗೆ ಗಂಟೆ ತಯಾರಿರುತ್ತೆ ಎಂದು ಅಮ್ಮ ಹೇಳಿದಳು. 'ನಮ್ಮಕ್ಕ ಹಂಗೇ ಮಾಡಿದ್ಲು,' ಎಂದಳು ಅಜ್ಜಿ. 'ಗಂಡಿನೋರು ಹೆಸರೇನಮ್ಮಾ ಅಂತ ಕೇಳಿದ್ರು. ಹೊಟ್ಟೆ ಟಣ್ ಅಂತು. ಎದ್ದು ಹೋದ್ರು.' ನಾನು ಪಾನಕ ಮುಟ್ಟಲಿಲ್ಲ. ನನ್ನ ಗಂಟೆ ನನ್ನಿಷ್ಟ ಎಂದು ಜಂಬ ಕೊಚ್ಚಿಕೊಂಡೆ.

ಶಾಸ್ತ್ರದ ದಿನ ನಮ್ಮ ಪಡಸಾಲೆ ತುಂಬಿ ಜಗಲಿಯಲ್ಲೂ ಎಲೆ ಹಾಕಿದ್ದರು. ಬಿಳಿಗಿರಿ ಪಕ್ಕದಲ್ಲಿ ಕೂತವನೇ ಒಂದು ಚೊಂಬು ನೀರು ಗಟಗಟ ಕುಡಿದ. ಇನ್ನೊಂದು ಚೊಂಬು ಕೇಳಿದ. 'ಯಾಕೋ ಈಚೆಗೆ ಬಾಯಾರಿಕೆ ಜಾಸ್ತಿ,' ಎಂದು ಪಿಸುಗುಟ್ಟಿದ. ಹೆದರಿಕೆ ಇರಬೇಕು ಎಂದುಕೊಂಡೆ. ಗುರುಪಾದಯ್ಯನವರು ಕೈ ಎತ್ತಿದರು. ಇಬ್ಬರೂ ಹೋಳಿಗೆ ಮುರಿದು ಬಾಯಿಗಿಟ್ಟೆವು. ಅವನದು ತಕ್ಷಣ ಟಣ್! ಎಲ್ಲರೂ ಭಲೇ ಎಂದರು. ನನ್ನದು ಇಲ್ಲ. ಅವನ ಗುಂಯ್ ಪಡಸಾಲೆ ಸುತ್ತಿ, ತೊಲೆ ಸುತ್ತಿ, ಸಣ್ಣಗಾಗುತ್ತಾ ಬಂತು. ನನ್ನದು ಇಲ್ಲ. ಗುರುಪಾದಯ್ಯನವರು ಗಂಟಲು ಸರಿಮಾಡಿಕೊಂಡು ಎಲೆಯ ಕಡೆ ನೋಡಿದರು.

ಆಗ ಬಿಳಿಗಿರಿ, 'ನಂಗಿನ್ನೊಂದು ಹೋಳಿಗೆ,' ಎಂದ. ಪಂಕ್ತಿಯಲ್ಲಿ ಒಬ್ಬರು ಉಣ್ಣುತ್ತಿದ್ದರೂ ಎಲೆ ಎತ್ತುವಂತಿಲ್ಲ, ಉಳಿದವರು ಏಳುವಂತೆಯೂ ಇಲ್ಲ. ಹೋಳಿಗೆ ಬಂತು. ಟಣ್, ಗುಂಯ್. ಅದು ಮುಗಿಯುವ ಮೊದಲೇ, 'ಇನ್ನೊಂದು. ತುಪ್ಪ ಹಾಕಿ.' ಟಣ್, ಗುಂಯ್. ಅವನು ಏನು ಮಾಡುತ್ತಿದ್ದಾನೆ ಎಂದು ನನಗೆ ಆಗ ಹೊಳೆಯಿತು. ನನ್ನದು ಯಾವಾಗ ಬಂದರೂ ಎದುರುಗೊಳ್ಳಲು ತನ್ನದು ಬಾರಿಸುತ್ತಿರಬೇಕು, ಅಷ್ಟೇ ಅವನ ಆಸೆ. ನನಗೆ ನಗುವೂ ಬಂತು, ಅಳುವೂ ಬಂತು. ಬಡಿಸುವವರು ಓಡಿದರು. ಅಡುಗೆಮನೆಯಲ್ಲಿ ಹೂರಣ ಮುಗಿದು ಮತ್ತೆ ರುಬ್ಬತೊಡಗಿದರು. ಏಳಲಾಗದೆ ಸಿಕ್ಕಿಬಿದ್ದ ನೆಂಟರಿಗೂ ಬಡಿಸಿದ್ದೇ ಬಡಿಸಿದ್ದು. ಪಡಸಾಲೆ, ಜಗಲಿ, ಅಂಗಳದ ಹೊಟ್ಟೆಗಳೆಲ್ಲ ಸೇರಿ ಊರಿಗೆ ಬೆಂಕಿ ಬಿದ್ದಾಗಲೂ ಆಗದಷ್ಟು ಗದ್ದಲ. ಯಾರದೋ ಮಾವ, 'ಅಪ್ಪಾ ಬಿಳಿಗಿರೀ, ನನ್ನ ಪ್ರಾಣ ಬಿಡೋ, ಸೊಂಟದ ದಾರ ಕಿತ್ತೋಯ್ತು,' ಎಂದು ಕೈಮುಗಿದ. ಗುರುಪಾದಯ್ಯನವರು ಎರಡೂ ಕಿವಿಗೆ ಅಂಗೈ ಅಡ್ಡ ಹಿಡಿದು, 'ಜೋಡಿ ಬಿಟ್ಟು ಮಿಕ್ಕೋರೆಲ್ಲ ಹೊಟ್ಟೆ ಮುಚ್ಕೊಳ್ರೋ!' ಎಂದು ಕೂಗಿದರು.

ಆದರೆ ಬಿಳಿಗಿರಿಯ ಗಂಟೆ ಕೆಡುತ್ತಾ ಬಂತು. ಮೊದಲು ಟಣ್ ಹೋಯಿತು, ಬರೀ ಗುಂಯ್ ಉಳಿಯಿತು. ಆಮೇಲೆ ಅದೂ ಒಡೆದ ಮಡಕೆಯ ಸದ್ದಾಯಿತು. ಅವನ ಹಣೆ ಬೆವರಿ, ಕಣ್ಣು ಎಳೆಯುತ್ತಿತ್ತು. 'ಸಾಕು ಬಿಡು ಮಾರಾಯಾ,' ಎಂದೆ. 'ನೀನು ಸುಮ್ನೆ ಗಂಟೆ ನೋಡ್ಕೋ,' ಎಂದ. ಅಷ್ಟರಲ್ಲಿ ನನ್ನೊಳಗೆ ಎಲ್ಲೋ ಕಚಗುಳಿ ಇಟ್ಟ ಹಾಗಾಯಿತು. ಗಂಟೆ ಬರುವ ಮೊದಲು ನನಗೆ ಹೀಗೇ ಆಗುತ್ತದೆ. 'ಬಂತು, ಬಂತು! ಇನ್ನೊಂದು ತುತ್ತು!' ಎಂದು ಅವನ ಬಾಯಿಗೆ ನಾನೇ ಹೋಳಿಗೆ ತುರುಕಿದೆ. ನನ್ನ ಗಂಟೆ ಹೊಡೆಯಿತು. ಹಿತ್ತಾಳೆ ಹಂಡೆಗೆ ಸೌಟು ಬಡಿದ ಹಾಗೆ, ನಮ್ಮ ವಂಶದ ಗಂಟೆ, ಜನ ಬೆಚ್ಚಿ ಕೂತರು. ಬಿಳಿಗಿರಿಯ ಹೊಟ್ಟೆಯಿಂದ ಏನೂ ಬರಲಿಲ್ಲ. ನನ್ನದೊಂದೇ ಬಾರಿಸಿ, ಬಾರಿಸಿ, ನಿಂತುಹೋಯಿತು.

'ತಾಗಲಿಲ್ಲ,' ಎಂದು ಗುರುಪಾದಯ್ಯನವರು ಎಲೆಗೆ ಬಗ್ಗಿದರು. ನಾನು ಎರಡೂ ಕೈಯಿಂದ ಎಲೆ ಒತ್ತಿ ಹಿಡಿದೆ. 'ಎತ್ತಿ ನೋಡೋಣ! ನಾನಿನ್ನೂ ಉಣ್ತಿದೀನಿ,' ಎಂದು ಒಂದೇ ಒಂದು ಅನ್ನದ ಅಗುಳು ಬಾಯಿಗಿಟ್ಟೆ. ಪಂಕ್ತಿಯವರು ಹಾ ಎಂದು ನರಳಿದರು.

ಜಗಲಿಯ ಸಾಲಿನಲ್ಲಿದ್ದ ಡಾಕ್ಟರ್ ಕಾತ್ಯಾಯಿನಿ ಎದ್ದೇಬಿಟ್ಟಳು, ನಿಯಮ ಗಿಯಮ ಅವಳಿಗಿಲ್ಲ. ಬಿಳಿಗಿರಿಯ ನಾಡಿ ಹಿಡಿದಳು, ನಾಲಗೆ ನೋಡಿದಳು, ಬೆರಳಿಗೆ ಸೂಜಿ ಚುಚ್ಚಿ ರಕ್ತ ನೋಡಿದಳು. 'ಗಂಟೆ ಅಭ್ಯಾಸ ಮಾಡ್ಸಿದ್ರಾ?' ಎಂದು ಸರ್ವಮಂಗಳಮ್ಮನ ಕಡೆ ತಿರುಗಿದಳು. 'ಹುಡುಗೀಗೆ ಏನೂ ಆಗಿಲ್ಲ. ಪ್ರತಿ ಕೋಶದ ಬಾಗಿಲಲ್ಲೂ ಸಕ್ಕರೆ ಅಳೆಯೋ ಕಾವಲುಗಾರ ಒಬ್ಬ ಇರ್ತಾನೆ ಅಂದ್ಕೊಳ್ಳಿ. ಅವಳ ಮನೆತನದಲ್ಲಿ ಅವನು ಸ್ವಲ್ಪ ಜಾಸ್ತಿ ಸಕ್ಕರೆ ಕಂಡ ಮೇಲೇ ಏಳೋದು. ಎದ್ದ ಮೇಲೆ ಕೆಲಸ ಸರಿಯಾಗೇ ಮಾಡ್ತಾನೆ. ಅವರಜ್ಜೀನೇ ನೋಡಿ, ಈ ವಯಸ್ಸಿಗೂ ಹೋಳಿಗೆ ಮೇಲೆ ಹೋಳಿಗೆ ಹಾಕ್ತಿದಾಳೆ.' ಅಜ್ಜಿ ಕೈ ಹಿಂದಕ್ಕೆಳೆದುಕೊಂಡಳು. 'ನಿಮ್ಮನೆ ಕಾವಲುಗಾರ ಬಾಗಿಲ ಸದ್ದಿಗೇ ಎದ್ದು ಓಡೋನು. ಅದೂ ವಂಶದಿಂದ ಬಂದದ್ದೇ, ಅದಕ್ಕೆ ಯಾರೂ ಏನೂ ಮಾಡಕ್ಕಾಗಲ್ಲ. ಆದ್ರೆ ದಿನಾ ಅವನನ್ನ ಈ ಪಾಟಿ ಓಡ್ಸಿದ್ದು ಯಾರು? ಸುಸ್ತಾಗಿ ಬಿದ್ದಿದಾನೆ. ಇನ್ನು ಸಿಹಿ ಬಂದ್. ರಾಗಿ, ಸೊಪ್ಪು, ಕಾಳು, ನಡಿಗೆ. ವಾರ ವಾರ ನನ್ನ ಹತ್ರ ಬಂದು ಬೆರಳು ಚುಚ್ಚಿಸ್ಕೋಬೇಕು. ಪೂರ್ತಿ ಸತ್ತಿಲ್ಲದಿದ್ರೆ ಗಂಟೆ ವಾಪಸ್ ಬರುತ್ತೆ.'

'ಬರ್ದಿದ್ರೆ?' ಎಂದೆ. ಡಾಕ್ಟರ್ ಸೂಜಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.

ಸರ್ವಮಂಗಳಮ್ಮ ಅಲ್ಲೇ ಕುಸಿದು ಕೂತರು. 'ಅವರಪ್ಪಂದೂ ಹಿಂಗೇ ಕಣಮ್ಮ. ಗಂಟೆ ಸಣ್ಣಗಾಗ್ತಾ ಬಂತು. ಜನ ಏನಂತಾರೋ ಅಂತ ನಾನು ಇನ್ನಷ್ಟು ಸಿಹಿ ಮಾಡಿ ಮಾಡಿ ಹಾಕ್ದೆ. ನಲವತ್ತು ತುಂಬೋಕೆ ಮುಂಚೆ ನಿಂತೇಹೋಯ್ತು. ಅವರೂ ಬಹಳ ದಿನ ಇರ್ಲಿಲ್ಲ. ನನ್ನ ಕೈಯಡುಗೇನೇ ಮಗನಿಗೂ ವಿಷ ಆಯ್ತಾ?' ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಅಲ್ಲಿಯವರೆಗೆ ಆ ಹೆಂಗಸಿನ ಮೇಲೆ ನನಗೆ ಕೆಂಡದಂಥ ಸಿಟ್ಟಿತ್ತು. ಅದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ.

ಗುರುಪಾದಯ್ಯನವರ ಅಪ್ಪಣೆ ಪಡೆದು ನೆಂಟರೆಲ್ಲ ಎದ್ದರು. ನಮ್ಮಿಬ್ಬರ ಎಲೆ ಮಾತ್ರ ಎತ್ತದೆ ಹಾಗೇ ಬಿಟ್ಟು, ಮೇಲೆ ಬುಟ್ಟಿ ಮುಚ್ಚಿದೆವು. ಊಟ ಇನ್ನೂ ಮುಗಿದಿಲ್ಲ ಎಂದು ನಾನು ಹಟ ಹಿಡಿದಿದ್ದೆ. ಮಾರನೆಯ ಬೆಳಗ್ಗೆ ನೋಡಿದರೆ ಬುಟ್ಟಿ ಮಗುಚಿ ಬಿದ್ದಿದೆ, ಎದುರುಮನೆಯ ಆಡು ನಮ್ಮಿಬ್ಬರ ಎಲೆಯನ್ನೂ ಚೂರುಬಿಡದೆ ತಿಂದು ಮೆಲುಕು ಹಾಕುತ್ತಿದೆ. ನಾನು ಕಿರುಚಿದ ಕಿರುಚಿಗೆ ಬೀದಿ ಸೇರಿತು. ಗುರುಪಾದಯ್ಯನವರನ್ನು ಕರೆಸಿದರು. ಅವರು ಆಡನ್ನು ನೋಡಿದರು, ಖಾಲಿ ನೆಲ ನೋಡಿದರು, ಕಿವಿ ತುರಿಸಿಕೊಂಡರು. ಕೊನೆಗೆ, 'ಎತ್ತಿಲ್ಲ. ತಿಂದಿದೆ. ತಿನ್ನೋದು ಬೇರೆ, ಎತ್ತೋದು ಬೇರೆ. ಇನ್ನು ಎತ್ತಬೇಕು ಅಂದ್ರೂ ಎಲೆ ಇಲ್ಲ,' ಎಂದರು. ಅಂದರೆ ನಮ್ಮ ಪಂಕ್ತಿ ಇನ್ನೂ ಮುಗಿದಿಲ್ಲ, ಗಂಟೆ ಎಂದು ತಾಗಿದರೂ ಸಲ್ಲುತ್ತದೆ. ಬೀದಿಯವರು ಹೋ ಎಂದು ಕೂಗಿದರು. ನಾನು ಆಡಿನ ಹಣೆಗೆ ಕುಂಕುಮ ಇಟ್ಟೆ.

ಅಂದಿನಿಂದ ಬಿಳಿಗಿರಿ ಬೆಳಗ್ಗೆ ಅಂಗಡಿಯಿಂದ ನಮ್ಮ ಗಿರಣಿಗೆ ನಡೆದು ಬಂದು ಮೂಟೆ ಹೊರತೊಡಗಿದ. ಮಧ್ಯಾಹ್ನ ನಮ್ಮಲ್ಲೇ ಊಟ, ಮುದ್ದೆ, ಹುರುಳಿಕಾಳಿನ ಸಾರು, ನುಗ್ಗೆಸೊಪ್ಪಿನ ಪಲ್ಯ. ಪಾಪ, ಪಾಕದಲ್ಲಿ ಬೆಳೆದ ಹುಡುಗ, ಮುದ್ದೆಯನ್ನು ಅಗಿಯತೊಡಗಿದ. 'ನುಂಗೋ, ಅಗೀಬಾರ್ದು!' ಎಂದು ಅಜ್ಜಿ ಬೆನ್ನಿಗೆ ಗುದ್ದಿದಳು. ನುಂಗಿದ, ಕಣ್ಣಲ್ಲಿ ನೀರು ತಂದುಕೊಂಡ, 'ಒಳಗೆ ಹೋಯ್ತಾ?' ಎಂದು ನನ್ನನ್ನೇ ಕೇಳಿದ. ಊಟವಾದ ಮೇಲೆ ನಾನು ಅವನ ಹೊಟ್ಟೆಯ ಎದುರು ಕೂತು ಕಾಯುತ್ತಿದ್ದೆ. ನನ್ನದು ಅದರ ಹೊತ್ತಿಗೆ ಬಂದು ಹೋಗುತ್ತಿತ್ತು. ಅವನದು ಬರುತ್ತಿರಲಿಲ್ಲ. 'ಏಯ್ ಸೋಮಾರಿ, ಏಳು!' ಎಂದು ಹೊಟ್ಟೆಗೆ ಬೈಯುತ್ತಿದ್ದೆ. ಅವನು ನಗುತ್ತಿದ್ದ. ನಕ್ಕಾಗ ಹೊಟ್ಟೆ ಕುಣಿಯುತ್ತಿತ್ತು, ಅಷ್ಟೇ. ಬಾಯಾರಿಕೆ ಹೋಯಿತು, ಮುಖಕ್ಕೆ ಕಳೆ ಬಂತು, ಡಾಕ್ಟರ್ ಬೆರಳು ಚುಚ್ಚಿ ಪರವಾಗಿಲ್ಲ ಎಂದಳು. ಗಂಟೆ ಮಾತ್ರ ಇಲ್ಲ. ಹಗಲೆಲ್ಲ ತಮಾಷೆ ಮಾಡಿಕೊಂಡಿದ್ದವಳಿಗೆ ಒಬ್ಬಳೇ ಇದ್ದಾಗ ಹೆದರಿಕೆಯಾಗುತ್ತಿತ್ತು. ಮದುವೆಯ ಬಗ್ಗೆ ಮಾತ್ರ ಅಲ್ಲ. ಅವನ ಅಪ್ಪನ ನೆನಪಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಗುರುಪಾದಯ್ಯನವರು ರಾಗಿ ಬೀಸಿಸಲು ಬಂದು, ಸರದಿ ಬರುವ ತನಕ ಮೂಟೆಗೆ ಒರಗಿ ತೂಕಡಿಸುತ್ತಿದ್ದರು. ನಾವು ಉಂಡು ಕೈ ತೊಳೆದಾಗಿತ್ತು, ನಾನು ಜರಡಿ ಹಿಡಿದಿದ್ದೆ, ಅವನು ಜೋಳ ಅಳೆಯುತ್ತಿದ್ದ. ಸರ್ವಮಂಗಳಮ್ಮ ಬಂದು ಬಾಗಿಲಲ್ಲಿ ನಿಂತರು. ಸೊರಗಿದ್ದರು. 'ಕುಮುದಾ, ಸಾಕಮ್ಮ. ನನ್ನ ಮಗನಿಗೋಸ್ಕರ ನೀನು ಎಷ್ಟು ದಿನ ಅಂತ ಕಾಯ್ತೀಯ? ಅವರಪ್ಪನ ಜೊತೆ ನಾನು ಪಟ್ಟಿದ್ದು ನಿನಗೆ ಬೇಡ. ಪಂಕ್ತಿ ಮುಗೀತು ಅಂದ್ಬಿಡು,' ಎಂದರು.

'ಸುಮ್ನಿರಿ ಅಂದ್ರೆ! ನಮ್ಮ ವಂಶದೋರು ಹುಟ್ಟಿದಾಗಿಂದ ಮಾಡ್ತಿರೋ ಕೆಲಸವೇ ಕಾಯೋದು. ನನಗೆ ಅದನ್ನ ಹೇಳ್ಕೊಡ್ತೀರಾ?' ಎಂದು ನಾನು ಜರಡಿ ಬಿಸಾಕಿ ಎದ್ದೆ. ಎದ್ದ ರಭಸಕ್ಕೋ ಏನೋ ನನ್ನ ಹೊಟ್ಟೆ ಹೊಡೆಯಿತು, ಮಧ್ಯಾಹ್ನದ ಮುದ್ದೆಯದು. ಹಂಡೆ ಬಡಿದ ಸದ್ದು ಗಿರಣಿ ತುಂಬಿತು. ಅದರ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ಅಪ್ಪ ಓಡಿಹೋಗಿ ಗಿರಣಿ ನಿಲ್ಲಿಸಿದರು. ಸಣ್ಣಗೆ, ಮೆಲ್ಲಗೆ, ಆಗ ತಾನೇ ನಿದ್ದೆಯಿಂದ ಎದ್ದವರ ದನಿಯಲ್ಲಿ, ಬಿಳಿಗಿರಿಯ ಹೊಟ್ಟೆ ಟಣ್ ಎಂದಿತು. ಆಮೇಲೆ ಗುಂಯ್. ಮುದ್ದೆ ಸೊಪ್ಪಿನ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುವುದು, ಅದಕ್ಕೆ ಅವನ ಚುರುಕು ಗಂಟೆಯೂ ನಿಧಾನವಾಗಿ ಬಂದಿತ್ತು, ನನ್ನ ತಡಗಂಟೆಯ ಹೊತ್ತಿಗೇ ಸರಿಯಾಗಿ. ಬಿಳಿಗಿರಿ ಜೋಳದ ಸೇರನ್ನು ಕೈಬಿಟ್ಟ. ಎರಡೂ ಸೇರಿ ಬಾರಿಸಿದವು, ಬಾರಿಸಿದವು, ನಾನು ಹುಚ್ಚಿಯ ಹಾಗೆ ಕುಣಿದೆ, ಅಜ್ಜಿ ಮೊರ ಬಡಿದಳು.

ಗುರುಪಾದಯ್ಯನವರು ಕಣ್ಣು ತೆರೆಯಲೂ ಇಲ್ಲ. 'ತಾಗ್ತು,' ಎಂದರು. 'ಎಲೆ ಎತ್ತಿರ್ಲಿಲ್ಲ, ಊಟ ನಡೀತಾನೇ ಇತ್ತು. ಯಾರದಾದ್ರೂ ತಕರಾರಿದ್ಯಾ?' ಬಿಳಿಗಿರಿ ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದ, ನಗುತ್ತಲೂ ಇದ್ದ. ಸರ್ವಮಂಗಳಮ್ಮ ಮಾತ್ರ ಬಾಗಿಲಲ್ಲೇ ನಿಂತಿದ್ದರು. ಕೊನೆಗೆ ಒಳಗೆ ಬಂದು ಮಗನ ಹೊಟ್ಟೆಯನ್ನು ಎರಡೂ ಕೈಯಿಂದ ಮುಟ್ಟಿ ನೋಡಿದರು. ಆಮೇಲೆ ಸೊಂಟಕ್ಕೆ ಕೈಹಾಕಿ, ಸೀರೆಯ ನೆರಿಗೆಯೊಳಗಿಂದ ಒಂದು ಪುಟ್ಟ ಹಿತ್ತಾಳೆ ಗಂಟೆಯನ್ನು ಬಿಚ್ಚಿ ತೆಗೆದರು. ಕುರಿಮರಿಯ ಕೊರಳಿಗೆ ಕಟ್ಟುವಂಥದ್ದು. ಅದನ್ನು ಜೋಳದ ರಾಶಿಯ ಮೇಲೆ ಇಟ್ಟರು.

'ನಂದೂ ನಿಂತು ವರ್ಷಗಳಾದ್ವಮ್ಮ,' ಎಂದರು. 'ತಿಂದಾಗೆಲ್ಲ ಇದನ್ನ ಅಲ್ಲಾಡಿಸ್ತಿದ್ದೆ. ಅಂಗಡಿಯೋಳ ಹೊಟ್ಟೆ ಸುಮ್ನಿದ್ರೆ ಯಾರು ಬರ್ತಾರೆ ಹೇಳು? ನನಗೂ ಒಂದು ಮುದ್ದೆ ಇದ್ಯಾ?'

ನನ್ನ ಬಾಯಿಗೂ ಆ ಹೊತ್ತು ತಾಳ್ಮೆ ಬಂದಿತ್ತು.

'ಕೂತ್ಕೊಳ್ಳಿ ಅತ್ತೆ,' ಎಂದೆ. 'ಇನ್ನೂ ಬಿಸಿಯಾಗಿದೆ.'